ಸಾಯದ ಕೋಶಗಳು: ಇಲಿಯ ಲ್ಯುಕೇಮಿಯಾ ವೈರಸ್ ಬಗ್ಗೆ ಓದುಗರು ಕೇಳಿದ್ದು

ಇಲಿಗೆ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ತರುವ ಅಬೆಲ್ಸನ್ ವೈರಸ್ ಬಳಸಿ ಇಲಿಯ ರೋಗನಿರೋಧಕ ಕೋಶಗಳನ್ನು ತಟ್ಟೆಯಲ್ಲಿ ವರ್ಷಗಟ್ಟಲೆ ಬೆಳೆಸುವ ವಿಧಾನದ ಬಗ್ಗೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ. ಪ್ರಯೋಗಾಲಯದಲ್ಲಿ ಕೈಯಾರೆ ಮಾಡುವವರ ಪ್ರಶ್ನೆಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ವೈರಸ್ ಹೊಕ್ಕರೆ ಕೋಶ ಸಾಯುತ್ತದೆ ಎಂದು ತರಗತಿಯಲ್ಲಿ ಹೇಳುತ್ತೇವೆ. ಲ್ಯುಕೇಮಿಯಾ ವೈರಸ್ ಹಾಕಿದರೆ ಕೋಶ ಸಾಯುವುದನ್ನೇ ಬಿಡುತ್ತದೆ ಎಂದರೆ ಮಕ್ಕಳಿಗೆ ಹೇಗೆ ವಿವರಿಸಲಿ? (ಪಿಯು ಉಪನ್ಯಾಸಕಿ, ಹಾಸನ)

ಮೇಡಂ, ಎಲ್ಲ ವೈರಸ್ಸುಗಳೂ ಕೋಶವನ್ನು ಒಡೆದು ಹೊರಬರುವುದಿಲ್ಲ. ಈ ಲ್ಯುಕೇಮಿಯಾ ವೈರಸ್ ರೆಟ್ರೋವೈರಸ್ ಗುಂಪಿನದು. ಅದು ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ಬರೆದುಕೊಂಡು ಕೋಶದ ವರ್ಣತಂತುವಿನೊಳಗೇ ಸೇರಿಕೊಳ್ಳುತ್ತದೆ. ಆಮೇಲೆ ಕೋಶ ವಿಭಜನೆಯಾದಾಗಲೆಲ್ಲ ವೈರಸ್ಸಿನ ಜೀನೂ ಮರಿಕೋಶಗಳಿಗೆ ಹೋಗುತ್ತದೆ. ಕೋಶ ಬದುಕಿ ಬೆಳೆದಷ್ಟೂ ವೈರಸ್ಸಿಗೇ ಲಾಭ.

ಅಬೆಲ್ಸನ್ ವೈರಸ್ಸಿನಲ್ಲಿ ಇದಕ್ಕಿಂತ ಹೆಚ್ಚಿನದೊಂದು ನಡೆದಿದೆ. ಮೊಲೊನಿ ಎಂಬ ಇಲಿಯ ಲ್ಯುಕೇಮಿಯಾ ವೈರಸ್ ಸಾಮಾನ್ಯವಾಗಿ ಥೈಮಸ್ ಗ್ರಂಥಿಯಲ್ಲಿ ಕ್ಯಾನ್ಸರ್ ತರುತ್ತದೆ. ಥೈಮಸ್ಸೇ ಇಲ್ಲದಿದ್ದರೆ ಏನಾಗುತ್ತದೆ ಎಂದು ನೋಡಲು ಹರ್ಬರ್ಟ್ ಅಬೆಲ್ಸನ್ ಮತ್ತು ಲೂಯಿಸ್ ರಾಬ್‌ಸ್ಟೈನ್ ಅವರು ಬಾಲ್ಬ್/ಸಿ ತಳಿಯ ಇಲಿಗಳಿಗೆ ಪ್ರೆಡ್ನಿಸೊಲೊನ್ ಎಂಬ ಸ್ಟೀರಾಯ್ಡ್ ಕೊಟ್ಟು ಆ ಗ್ರಂಥಿಯನ್ನು ಕುಗ್ಗಿಸಿ, ಆಮೇಲೆ ಮೊಲೊನಿ ವೈರಸ್ ಚುಚ್ಚಿದರು. ಅವುಗಳಲ್ಲಿ ಒಂದು ಇಲಿಗೆ ಥೈಮಸ್ಸಿನ ಹೊರಗೆ, ಬೇರೆಯೇ ಬಗೆಯ ಗಡ್ಡೆ ಬಂತು. ಅದರಿಂದ ತೆಗೆದ ವೈರಸ್ಸಿನ ವರದಿ 1970ರಲ್ಲಿ ಪ್ರಕಟವಾಯಿತು. ಮೊಲೊನಿ ವೈರಸ್ ಇಲಿಯದೇ ಆದ ಎಬಿಎಲ್ ಎಂಬ ಜೀನಿನ ತುಂಡೊಂದನ್ನು ಎತ್ತಿಕೊಂಡು ಗ್ಯಾಗ್ ಎಂಬ ತನ್ನ ಜೀನಿಗೆ ಅಂಟಿಸಿಕೊಂಡಿತ್ತು ಎಂಬುದು ಮುಂದಿನ ವರ್ಷಗಳಲ್ಲಿ ಗೊತ್ತಾಯಿತು. ಈ ಜೋಡಿ ಜೀನಿನಿಂದ ಹುಟ್ಟುವ ಪ್ರೋಟೀನು ಒಂದು ಟೈರೋಸಿನ್ ಕೈನೇಸ್, ಅಂದರೆ ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸಿ ಅವನ್ನು ಎಬ್ಬಿಸುವ ಕಿಣ್ವ. ಕೋಶದ ಎಬಿಎಲ್ ಬೇಕಾದಾಗ ಕೆಲಸ ಮಾಡಿ ಸುಮ್ಮನಾಗುತ್ತದೆ, ವೈರಸ್ಸಿನದು ಸುಮ್ಮನಾಗುವುದೇ ಇಲ್ಲ.

ಅಸ್ಥಿಮಜ್ಜೆಯಲ್ಲಿ ಬಿ ಕೋಶ (ಆಂಟಿಬಾಡಿ ತಯಾರಿಸುವ ರೋಗನಿರೋಧಕ ಕೋಶ) ಆಗಲು ಹೊರಟ ಎಳೆಯ ಕೋಶಕ್ಕೆ ಬದುಕಲು ಇಂಟರ್‌ಲ್ಯೂಕಿನ್-7 ಎಂಬ ಸಂಕೇತ ಪ್ರೋಟೀನು ಬೇಕು. ಅದು ಸಿಗದಿದ್ದರೆ ಬೇಗನೆ ಸಾಯುತ್ತದೆ. ವೈರಸ್ಸಿನ ಎಬಿಎಲ್, ಇಂಟರ್‌ಲ್ಯೂಕಿನ್-7 ಎಬ್ಬಿಸಬೇಕಿದ್ದ ಜ್ಯಾಕ್ ಮತ್ತು ಸ್ಟ್ಯಾಟ್5 ಪ್ರೋಟೀನುಗಳನ್ನು ತಾನೇ ಎಬ್ಬಿಸಿಡುತ್ತದೆ. ಹಾಗಾಗಿ ಕೋಶಕ್ಕೆ ಇಂಟರ್‌ಲ್ಯೂಕಿನ್-7ರ ಆಸರೆ ಬೇಡವಾಗುತ್ತದೆ.

ಆದರೆ ಅಮರತ್ವ ಅಲ್ಲಿಗೇ ಸಿಗುವುದಿಲ್ಲ. ಕೆಟ್ಟ ಸೂಚನೆ ಬಂದಾಗ ಬೆಳವಣಿಗೆ ನಿಲ್ಲಿಸುವ ಎಆರ್‌ಎಫ್ ಮತ್ತು ಪಿ53 ಎಂಬ ಕಾವಲು ಕೋಶದಲ್ಲೇ ಇದೆ. ವೈರಸ್ ಹೊಕ್ಕ ಕೋಶಗಳು ಕೆಲವು ವಾರ ಬೆಳೆದು ಈ ಕಾವಲಿಗೆ ಸಿಕ್ಕಿ ಸಾಲುಸಾಲಾಗಿ ಸಾಯುತ್ತವೆ. ಕಾವಲು ಕಳೆದುಕೊಂಡ ಕೆಲವೇ ಕೋಶಗಳು ಉಳಿದು ಶಾಶ್ವತ ಸೆಲ್ ಲೈನ್, ಅಂದರೆ ತಟ್ಟೆಯಲ್ಲಿ ಬೆಳೆಯುತ್ತಲೇ ಇರುವ ಕೋಶಗಳ ವಂಶ ಆಗುತ್ತವೆ. ಅಂದರೆ ಅರ್ಧ ಕೆಲಸ ವೈರಸ್ಸಿನದು, ಉಳಿದರ್ಧ ಕೋಶ ಕಳೆದುಕೊಂಡದ್ದರದು. ಮಕ್ಕಳಿಗೆ ಈ ಎರಡನ್ನೂ ಹೇಳಿ. ಪಠ್ಯಗಳಲ್ಲಿ ಮೊದಲನೆಯದಷ್ಟೇ ಇರುತ್ತದೆ.

ಪ್ರಶ್ನೆ: ಇಲಿಯ ಮಜ್ಜೆಯಿಂದ ಅಬೆಲ್ಸನ್ ಪ್ರೀ-ಬಿ (ಬಿ ಕೋಶವಾಗುವ ಮುಂಚಿನ ಹಂತದ) ಲೈನ್ ಮಾಡಲು ಹೊರಟಿದ್ದೇನೆ. ಹತ್ತನೇ ದಿನ ಗುಂಪುಗಳು ಕಾಣುತ್ತವೆ, ಮೂರನೇ ವಾರಕ್ಕೆ ಎಲ್ಲವೂ ಸಾಯುತ್ತವೆ. ಎಲ್ಲಿ ತಪ್ಪುತ್ತಿದೆ? (ಸಂಶೋಧನಾ ವಿದ್ಯಾರ್ಥಿ, ಮೈಸೂರು)

ಗುಂಪು ಕಂಡಿದೆ ಎಂದರೆ ನಿಮ್ಮ ವೈರಸ್ ಚೆನ್ನಾಗಿದೆ. ತಪ್ಪು ಬಹುಶಃ ಆಮೇಲಿನ ಆರೈಕೆಯಲ್ಲಿದೆ. ಆದರೂ ಮೊದಲಿಂದ ಒಮ್ಮೆ ನೋಡೋಣ, ಏಕೆಂದರೆ ಮೂರನೇ ವಾರದ ಸಾವಿಗೆ ಕಾರಣ ಕೆಲವೊಮ್ಮೆ ಮೊದಲ ದಿನದಲ್ಲೇ ಇರುತ್ತದೆ.

ವೈರಸ್: ಅಬೆಲ್ಸನ್ ವೈರಸ್ಸಿಗೆ ತನ್ನದೇ ಪೋಲ್ ಮತ್ತು ಎನ್ವ್ ಜೀನುಗಳಿಲ್ಲ (ಕಿಣ್ವ ಮತ್ತು ಹೊದಿಕೆ ಮಾಡುವ ಜೀನುಗಳು), ಒಬ್ಬಂಟಿಯಾಗಿ ಹರಡಲಾರದು. ಹಿಂದೆ ಮೊಲೊನಿ ವೈರಸ್ಸನ್ನು ಸಹಾಯಕ್ಕೆ ಬೆರೆಸುತ್ತಿದ್ದರು. ಈಗ ಪ್ಲ್ಯಾಟ್-ಇ ಅಥವಾ ಫೀನಿಕ್ಸ್-ಇಕೋ ಪ್ಯಾಕೇಜಿಂಗ್ ಕೋಶಗಳಿಗೆ (ವೈರಸ್ಸಿಗಿಲ್ಲದ ಜೀನುಗಳನ್ನು ಒದಗಿಸುವ ಕೋಶಗಳು) ವೈರಸ್ಸಿನ ಡಿಎನ್‌ಎ ಹೊತ್ತ ಪ್ಲಾಸ್ಮಿಡ್ ಹಾಕಿ ಸಹಾಯಕ ವೈರಸ್ ಇಲ್ಲದೆಯೇ ತಯಾರಿಸುತ್ತಾರೆ. ನೀವೂ ಹಾಗೇ ಮಾಡಿ, ಲೈನು ಶುದ್ಧವಾಗಿರುತ್ತದೆ. 10 ಸೆಂ.ಮೀ. ತಟ್ಟೆಯ ಶೇ. 70ರಿಂದ 80 ತುಂಬಿದಾಗ 10ರಿಂದ 15 ಮೈಕ್ರೋಗ್ರಾಂ ಪ್ಲಾಸ್ಮಿಡ್ ಕೊಡಿ. 48 ಗಂಟೆಗೆ ಒಮ್ಮೆ, 72 ಗಂಟೆಗೆ ಇನ್ನೊಮ್ಮೆ ಮೇಲಿನ ದ್ರವ ತೆಗೆದುಕೊಂಡು 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ. ಫಿಲ್ಟರ್ ಪ್ರೋಟೀನನ್ನು ಹೀರದ ಬಗೆಯದಾಗಿರಲಿ. ನೈಟ್ರೋಸೆಲ್ಯುಲೋಸ್ ಬೇಡ, ವೈರಸ್ ಅದಕ್ಕೇ ಅಂಟಿಕೊಳ್ಳುತ್ತದೆ. ಈ ವೈರಸ್ 37 ಡಿಗ್ರಿಯಲ್ಲಿ ಕೆಲವೇ ಗಂಟೆಗಳಲ್ಲಿ ಅರ್ಧದಷ್ಟು ಸತ್ವ ಕಳೆದುಕೊಳ್ಳುತ್ತದೆ. ಅಂದೇ ಬಳಸಿ. ಇಲ್ಲವಾದರೆ ಸಣ್ಣ ಪಾಲುಗಳಾಗಿ ಮೈನಸ್ 80ರಲ್ಲಿಡಿ, ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.

ಮಜ್ಜೆ: ನಾಲ್ಕರಿಂದ ಆರು ವಾರದ ಇಲಿ ಒಳ್ಳೆಯದು. ವಯಸ್ಸಾದಂತೆ ಮಜ್ಜೆಯಲ್ಲಿ ಎಳೆಯ ಬಿ ಕೋಶಗಳು ಕಡಿಮೆಯಾಗುತ್ತವೆ. ಹದಿನಾಲ್ಕು ದಿನದ ಭ್ರೂಣದ ಯಕೃತ್ತೂ ಆಗುತ್ತದೆ. ಬಾಲ್ಬ್/ಸಿ ತಳಿಯ ಮಜ್ಜೆ ಸುಲಭವಾಗಿ ಒಗ್ಗುತ್ತದೆ. ಸಿ57 ಕಪ್ಪಿಲಿಯದೂ ಆಗುತ್ತದೆ, ಆದರೆ ತಾಳ್ಮೆ ಬೇಕು. ಎರಡು ತೊಡೆಮೂಳೆ, ಎರಡು ಕಣಕಾಲು ಮೂಳೆಗಳ ತುದಿ ಕತ್ತರಿಸಿ, 25 ಗೇಜ್ ಸೂಜಿಯಿಂದ ಮೀಡಿಯಂ ಹಾಯಿಸಿ ಮಜ್ಜೆ ಹೊರತೆಗೆಯಿರಿ. ಕೆಂಪು ರಕ್ತಕಣಗಳನ್ನು ಅಮೋನಿಯಂ ಕ್ಲೋರೈಡ್ ದ್ರಾವಣದಲ್ಲಿ ಒಡೆಯಿರಿ. ಮೂರು ನಿಮಿಷ ಸಾಕು, ಹತ್ತು ನಿಮಿಷ ಬಿಟ್ಟರೆ ನಿಮಗೆ ಬೇಕಾದ ಕೋಶಗಳೂ ನಲುಗುತ್ತವೆ.

ಇಲ್ಲೊಂದು ಮಾತು. ರಕ್ತದ ಕಾಂಡಕೋಶಗಳಿಗೆ ರೆಟ್ರೋವೈರಸ್ ಹಾಕುವವರು ಇಲಿಗೆ ಮೊದಲೇ 5-ಫ್ಲೂರೋಯುರಾಸಿಲ್ ಕೊಡುತ್ತಾರೆ. ಆ ವಿಧಾನದ ಹಾಳೆಯನ್ನೇ ನೋಡಿಕೊಂಡು ಇಲ್ಲೂ ಕೊಟ್ಟವರಿದ್ದಾರೆ. ಕೊಡಬೇಡಿ. ಅದು ವಿಭಜನೆಯಾಗುತ್ತಿರುವ ಕೋಶಗಳನ್ನು ಕೊಲ್ಲುತ್ತದೆ, ನಿಮಗೆ ಬೇಕಾದ್ದು ಅವೇ. ಈ ವೈರಸ್ ಕೋಶಕೇಂದ್ರದ ಪೊರೆ ಕರಗಿದಾಗ, ಅಂದರೆ ವಿಭಜನೆಯ ಹೊತ್ತಿನಲ್ಲಿ ಮಾತ್ರ ಒಳಹೋಗಬಲ್ಲದು.

ಸೋಂಕು: ಮಿಲಿಲೀಟರಿಗೆ ಹತ್ತರಿಂದ ಇಪ್ಪತ್ತು ಲಕ್ಷ ಕೋಶ, ಅದಕ್ಕೆ ವೈರಸ್ ದ್ರವ, ವೈರಸ್ ಕೋಶಕ್ಕೆ ಅಂಟಲು ನೆರವಾಗುವ ಪಾಲಿಬ್ರೀನ್ 4ರಿಂದ 8 ಮೈಕ್ರೋಗ್ರಾಂ. ಎಳೆಯ ಬಿ ಕೋಶಗಳಿಗೆ ಪಾಲಿಬ್ರೀನ್ ಒಗ್ಗುವುದು ಕಷ್ಟ, 4ರಿಂದಲೇ ಶುರು ಮಾಡಿ. ಸೆಂಟ್ರಿಫ್ಯೂಜಿನಲ್ಲಿ ತಟ್ಟೆ ಇಟ್ಟು 1000 ಜಿ ವೇಗದಲ್ಲಿ, 32 ಡಿಗ್ರಿಯಲ್ಲಿ 90 ನಿಮಿಷ ತಿರುಗಿಸಿದರೆ ಫಲ ಹೆಚ್ಚು. ಆಮೇಲೆ ಪಾಲಿಬ್ರೀನ್ ತೆಗೆದು ಹೊಸ ಮೀಡಿಯಂ ಕೊಡಿ.

ಮೀಡಿಯಂ: ಆರ್‌ಪಿಎಂಐ 1640, ಶೇ. 10ರಿಂದ 15 ಸೀರಮ್, ಗ್ಲುಟಮಿನ್, 50 ಮೈಕ್ರೋಮೋಲಾರ್ 2-ಮರ್ಕ್ಯಾಪ್ಟೊಎಥನಾಲ್. ಕೊನೆಯದನ್ನು ಸಣ್ಣದೆಂದು ಬಿಡುವವರೇ ಹೆಚ್ಚು, ಕೆಡುವುದೂ ಅಲ್ಲೇ. ಇಲಿಯ ಲಿಂಫೋಸೈಟುಗಳು ಅದಿಲ್ಲದೆ ತಟ್ಟೆಯಲ್ಲಿ ನಿಲ್ಲುವುದಿಲ್ಲ. ಮೀಡಿಯಂನಲ್ಲಿ ಅದು ನಿಧಾನವಾಗಿ ಸತ್ವ ಕಳೆದುಕೊಳ್ಳುತ್ತದೆ. ತಿಂಗಳ ಹಿಂದೆ ಮಾಡಿಟ್ಟ ಬಾಟಲಿಯಲ್ಲಿ ಹೆಸರಿಗಷ್ಟೇ ಇರುತ್ತದೆ, ಹದಿನೈದು ದಿನಕ್ಕೊಮ್ಮೆ ಹೊಸದಾಗಿ ಬೆರೆಸಿ. ಸೀರಮ್ಮಿನ ಬಗ್ಗೆಯೂ ಎಚ್ಚರ. ಒಂದು ಬ್ಯಾಚಿನಲ್ಲಿ ಚೆನ್ನಾಗಿ ಬೆಳೆದದ್ದು ಇನ್ನೊಂದರಲ್ಲಿ ಸಾಯುತ್ತದೆ. ಮೂರ್ನಾಲ್ಕು ಬ್ಯಾಚಿನ ಮಾದರಿ ತರಿಸಿ, ಬೆಳೆಯುತ್ತಿರುವ ಯಾವುದಾದರೂ ಅಬೆಲ್ಸನ್ ಲೈನನ್ನು ಕಡಿಮೆ ಸಾಂದ್ರತೆಯಲ್ಲಿ ಹಾಕಿ ನೋಡಿ, ಗೆದ್ದ ಬ್ಯಾಚನ್ನೇ ವರ್ಷಕ್ಕಾಗುವಷ್ಟು ಕೊಳ್ಳಿ.

ಈಗ ನಿಮ್ಮ ಮೂರನೇ ವಾರಕ್ಕೆ ಬರೋಣ. ಮೊದಲ ವಾರದಲ್ಲಿ ತಟ್ಟೆ ತುಂಬ ಸತ್ತ ಕೋಶಗಳು ಕಾಣುತ್ತವೆ, ಅವು ಬಹುಪಾಲು ಗ್ರಾನುಲೋಸೈಟುಗಳು. ತಳಕ್ಕೆ ಅಂಟಿದ ಸ್ಟ್ರೋಮಾ ಕೋಶಗಳು (ಮಜ್ಜೆಯ ಆಧಾರ ಕೋಶಗಳು) ಹಾಸಿನಂತೆ ಹರಡುತ್ತವೆ. ಅವುಗಳ ಮೇಲೆ ಏಳರಿಂದ ಹದಿನಾಲ್ಕನೇ ದಿನದೊಳಗೆ ದುಂಡಗಿನ, ಹೊಳೆಯುವ ಕೋಶಗಳ ಗುಂಪುಗಳು ಏಳುತ್ತವೆ. ಗುಂಪು ಕಂಡ ಕೂಡಲೇ ಅವನ್ನು ಹೀರಿ ಹೊಸ ದೊಡ್ಡ ಫ್ಲಾಸ್ಕಿಗೆ, ಹೊಸ ಮೀಡಿಯಂಗೆ ಹಾಕುವುದು ಎಲ್ಲರೂ ಮಾಡುವ ಕೆಲಸ. ಕೋಶಗಳು ಸಾಯುವುದೂ ಅದರಿಂದಲೇ. ಹೊಸದಾಗಿ ರೂಪಾಂತರಗೊಂಡ ಈ ಕೋಶಗಳು ಇನ್ನೂ ಸ್ಟ್ರೋಮಾವನ್ನೂ ಒಂದಕ್ಕೊಂದು ಸ್ರವಿಸುವ ಅಂಶಗಳನ್ನೂ ನಂಬಿರುತ್ತವೆ. ತೆಳುವಾದರೆ ಉಳಿಯವು.

ಆದ್ದರಿಂದ ಮೀಡಿಯಂ ಪೂರ್ತಿ ಬದಲಿಸದೆ ಮೂರು ದಿನಕ್ಕೊಮ್ಮೆ ಅರ್ಧ ಮಾತ್ರ ಬದಲಿಸಿ. ಸಾಂದ್ರತೆ ಮಿಲಿಲೀಟರಿಗೆ ಐದು ಲಕ್ಷಕ್ಕಿಂತ ಕೆಳಗೆ ಇಳಿಯದಿರಲಿ. ಒಂದಕ್ಕೆ ಎರಡರಂತೆ ಮಾತ್ರ ಸ್ಪ್ಲಿಟ್ ಮಾಡಿ. ಮೊದಲೆರಡು ಸಲ 24 ಬಾವಿ ತಟ್ಟೆಯ ಒಂದು ಬಾವಿಯಿಂದ ಎರಡು ಬಾವಿಗೆ, ಅಲ್ಲಿಂದ 6 ಬಾವಿ ತಟ್ಟೆಗೆ, ಆಮೇಲೆ ಫ್ಲಾಸ್ಕಿಗೆ. ಹಳೆಯ ಬಾವಿಯನ್ನು ಬಿಸಾಡದೆ ಹೊಸ ಮೀಡಿಯಂ ಹಾಕಿ ಇಟ್ಟುಕೊಳ್ಳಿ, ಹೊಸದು ಸತ್ತರೆ ಅಲ್ಲಿಂದ ಮತ್ತೆ ಎತ್ತಿಕೊಳ್ಳಬಹುದು.

ಇಷ್ಟು ಮಾಡಿದರೂ ಮೂರರಿಂದ ಆರನೇ ವಾರದಲ್ಲಿ ಬೆಳವಣಿಗೆ ಕುಂಠಿತವಾಗುತ್ತದೆ. ಮೇಲೆ ಹೇಳಿದ ಪಿ53 ಕಾವಲಿನ ಹಂತ ಇದೇ. ಒಂದೇ ಬಾವಿಯಲ್ಲಿ ಎಲ್ಲವನ್ನೂ ಪಣಕ್ಕಿಡದೆ ಒಂದೊಂದು ಇಲಿಯಿಂದಲೂ ಹತ್ತಾರು ಸ್ವತಂತ್ರ ಬಾವಿಗಳನ್ನು ನಡೆಸಿ. ಕೆಲವು ಸತ್ತು ಕೆಲವು ದಾಟುತ್ತವೆ. ದಾಟಿದವನ್ನು ಎರಡು ವಾರದೊಳಗೆ ಫ್ರೀಜ್ ಮಾಡಿ. ನಿಮ್ಮ ಪ್ರಯೋಗ ಪಿ53 ಬಗ್ಗೆಯೇ ಇದ್ದರೆ ಈ ಹಂತ ದಾಟಿದ ಲೈನುಗಳನ್ನು ನಂಬುವ ಮೊದಲು ಅದರ ಜೀನನ್ನು ಓದಿಸಿ. ಅವುಗಳಲ್ಲಿ ಹಲವದರಲ್ಲಿ ಅದು ಕೆಟ್ಟಿರುತ್ತದೆ.

ಕೊನೆಗೆ ಸಿಕ್ಕಿದ್ದು ಪ್ರೀ-ಬಿ ಹೌದೇ ಎಂದು, ಕೋಶದ ಮೇಲ್ಮೈ ಗುರುತುಗಳನ್ನು ಅಳೆಯುವ ಫ್ಲೋ ಸೈಟೊಮೆಟ್ರಿಯಲ್ಲಿ ನೋಡಿ: ಬಿ ಕೋಶದ ಗುರುತುಗಳಾದ ಬಿ220 ಮತ್ತು ಸಿಡಿ19 ಇರಬೇಕು, ಮೇಲ್ಮೈ ಐಜಿಎಂ ಸಾಮಾನ್ಯವಾಗಿ ಇರುವುದಿಲ್ಲ, ಮೈಲಾಯ್ಡ್ ಕೋಶಗಳ ಗುರುತಾದ ಸಿಡಿ11ಬಿ ಇರಬಾರದು. ಎಷ್ಟು ಕೋಶ ರೂಪಾಂತರಗೊಂಡವು ಎಂದು ಎಣಿಸಬೇಕಿದ್ದರೆ ಮೆತ್ತನೆಯ ಅಗಾರಿನ ವಿಧಾನವೇ ಉತ್ತಮ. ನೇಯೋಮಿ ರೋಸೆನ್‌ಬರ್ಗ್ ಮತ್ತು ಡೇವಿಡ್ ಬಾಲ್ಟಿಮೋರ್ 1976ರಲ್ಲಿ ಕೊಟ್ಟದ್ದು ಅದೇ. ಶೇ. 0.3 ಅಗಾರಿನಲ್ಲಿ ಕೋಶ ಬೆರೆಸುವಾಗ ಅದು 42 ಡಿಗ್ರಿಗಿಂತ ಬಿಸಿ ಇರಬಾರದು.

ಪ್ರಶ್ನೆ: ನಮ್ಮ ತಂದೆ ದಿನವೂ ಇಮ್ಯಾಟಿನಿಬ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಅದಕ್ಕೂ ಈ ಇಲಿ ವೈರಸ್ಸಿಗೂ ನಂಟಿದೆ ಎಂದು ಕೇಳಿದೆ, ನಿಜವೇ? (ಶಿವಮೊಗ್ಗದ ಓದುಗರು)

ನಿಜ. ಆದರೆ ತಂದೆಯವರ ಕಾಯಿಲೆ ವೈರಸ್ಸಿನಿಂದ ಬಂದದ್ದಲ್ಲ, ಯಾರಿಗೂ ಅಂಟುವುದೂ ಇಲ್ಲ. ದೀರ್ಘಕಾಲೀನ ಮೈಲಾಯ್ಡ್ ಲ್ಯುಕೇಮಿಯಾದಲ್ಲಿ ಮನುಷ್ಯನ 9 ಮತ್ತು 22ನೇ ವರ್ಣತಂತುಗಳ ತುದಿಗಳು ಅದಲುಬದಲಾಗಿ, ಎಬಿಎಲ್ ಜೀನು ಬಿಸಿಆರ್ ಎಂಬ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಇಲಿಯ ವೈರಸ್ ಗ್ಯಾಗ್ ಜೊತೆ ಮಾಡಿದ ಜೋಡಣೆಯನ್ನು ಇಲ್ಲಿ ದೇಹವೇ ಬಿಸಿಆರ್ ಜೊತೆ ಮಾಡಿಕೊಂಡಿರುತ್ತದೆ. ಎಬಿಎಲ್ ಟೈರೋಸಿನ್ ಕೈನೇಸ್ ಎಂಬುದು 1980ರ ಹೊತ್ತಿಗೆ ವೈರಸ್ಸಿನ ಪ್ರೋಟೀನಿನಲ್ಲೇ ಗೊತ್ತಾಯಿತು. ಆ ಕೈನೇಸನ್ನು ತಡೆಯುವ ಇಮ್ಯಾಟಿನಿಬ್‌ಗೆ 2001ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಇದೇ ಔಷಧಿ ಪ್ರಯೋಗಾಲಯದಲ್ಲೂ ಬಹಳ ಉಪಯುಕ್ತ. ಅಬೆಲ್ಸನ್ ಪ್ರೀ-ಬಿ ಕೋಶಗಳಿಗೆ 3 ಮೈಕ್ರೋಮೋಲಾರ್ ಕೊಟ್ಟರೆ ವಿಭಜನೆ ನಿಂತು, ಕೋಶ ತನ್ನ ನಿಂತುಹೋಗಿದ್ದ ದಾರಿಯಲ್ಲಿ ಮುಂದೆ ನಡೆಯುತ್ತದೆ. ರ‍್ಯಾಗ್ ಜೀನುಗಳು ಎದ್ದು, ಆಂಟಿಬಾಡಿಯ ಹಗುರ ಸರಪಳಿಯ ಜೀನು ಮರುಜೋಡಣೆಗೊಳ್ಳತೊಡಗುತ್ತದೆ. ಡಿಎನ್‌ಎ ಕತ್ತರಿಸಿ ಹೊಲಿಯುವ ಈ ಕೆಲಸವನ್ನು ಅಧ್ಯಯನ ಮಾಡುವವರು ಎರಡರಿಂದ ನಾಲ್ಕು ದಿನ ಹೀಗೆ ಇಡುತ್ತಾರೆ. ಕೋಶದ ಸಾವನ್ನು ತಡೆಯುವ ಬಿಸಿಎಲ್2 ಜೀನು ಹೆಚ್ಚಾಗಿ ಕೆಲಸ ಮಾಡುವ ಇಲಿಯ ಕೋಶಗಳನ್ನೇ ಬಳಸಬೇಕು, ಇಲ್ಲವಾದರೆ ಔಷಧಿ ಕೊಟ್ಟ ಮೇಲೆ ಅವು ಸಾಯುತ್ತವೆ.

ತಂದೆಯವರ ಮಾತ್ರೆಯನ್ನು ವೈದ್ಯರು ಹೇಳದೆ ಒಂದು ದಿನವೂ ತಪ್ಪಿಸಬೇಡಿ.

ಪ್ರಶ್ನೆ: ಗಿಡಮೂಲಿಕೆಯ ಸಾರವೊಂದನ್ನು ಪರೀಕ್ಷಿಸಲು ರಾ 264.7 ಮ್ಯಾಕ್ರೊಫೇಜ್ (ರೋಗಾಣು ನುಂಗುವ) ಕೋಶಗಳಿಗೆ ಎಲ್‌ಪಿಎಸ್ (ಬ್ಯಾಕ್ಟೀರಿಯಾದ ಹೊರಪೊರೆಯ ವಸ್ತು) ಕೊಟ್ಟರೂ ನೈಟ್ರಿಕ್ ಆಕ್ಸೈಡ್ ಸರಿಯಾಗಿ ಬರುತ್ತಿಲ್ಲ. ಕೋಶಗಳು ಉದ್ದುದ್ದ ಆಗಿವೆ. (ಎಂ.ಫಾರ್ಮ್ ವಿದ್ಯಾರ್ಥಿನಿ, ಮಂಗಳೂರು)

ನೀವು ಬಳಸುತ್ತಿರುವ ಕೋಶಗಳೂ ಅಬೆಲ್ಸನ್ ವೈರಸ್ಸಿನ ಸಂತಾನವೇ. ವೈರಸ್ ಚುಚ್ಚಿದ ಗಂಡು ಬಾಲ್ಬ್/ಸಿ ಇಲಿಯ ಹೊಟ್ಟೆಯ ಗಡ್ಡೆದ್ರವದಿಂದ ತೆಗೆದು 1978ರಲ್ಲಿ ವರದಿ ಮಾಡಿದ ಲೈನು ಅದು.

ಉದ್ದವಾಗಿವೆ ಎಂದರೆ ಒಂದೋ ಪ್ಯಾಸೇಜ್ (ಕೋಶಗಳನ್ನು ಹೊಸ ತಟ್ಟೆಗೆ ಹಂಚಿದ ಸಲಗಳ ಲೆಕ್ಕ) ಬಹಳ ಮುಂದೆ ಹೋಗಿದೆ, ಇಲ್ಲವೇ ಅವು ಆಗಲೇ ಯಾವುದರಿಂದಲೋ ಕೆರಳಿವೆ. ಎಷ್ಟನೇ ಪ್ಯಾಸೇಜ್ ಎಂದು ನಿಮ್ಮ ವಿಭಾಗದಲ್ಲಿ ಯಾರೂ ಬರೆದಿಟ್ಟಿಲ್ಲವಾದರೆ ಆ ಫ್ಲಾಸ್ಕನ್ನು ಕೈಬಿಡಿ. ಮೂವತ್ತರ ಸುಮಾರು ದಾಟಿದ ಕೋಶಗಳ ಗುಣ ಬದಲಾಗುತ್ತದೆ. ತಟ್ಟೆ ಶೇ. 70ರಿಂದ 80 ತುಂಬಿದಾಗಲೇ ಸ್ಪ್ಲಿಟ್ ಮಾಡಿ. ಟ್ರಿಪ್ಸಿನ್ ಬೇಡ, ಅದು ಮೇಲ್ಮೈ ಪ್ರೋಟೀನುಗಳನ್ನು ಕತ್ತರಿಸುತ್ತದೆ. ಹಳೆ ಮೀಡಿಯಂ ತೆಗೆದು ಹೊಸ ತಣ್ಣನೆಯ ಮೀಡಿಯಂ ಹಾಕಿ, ರಬ್ಬರ್ ಅಲಗಿನ ಸ್ಕ್ರೇಪರಿನಿಂದ ಒಂದೇ ದಿಕ್ಕಿಗೆ ಮೆಲ್ಲಗೆ ಎಳೆಯಿರಿ. ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಬಹಳಷ್ಟು ಕೋಶ ಅಲ್ಲೇ ಒಡೆಯುತ್ತದೆ.

ಎಲ್‌ಪಿಎಸ್ ಹಾಕದ ಬಾವಿಯಲ್ಲೂ ನೈಟ್ರೈಟ್ (ನೈಟ್ರಿಕ್ ಆಕ್ಸೈಡ್ ಮಾರ್ಪಟ್ಟು ಉಳಿಯುವ ರೂಪ) ಕಾಣುತ್ತಿದೆಯೇ ನೋಡಿ. ಕಂಡರೆ ಸೀರಮ್ಮಿನಲ್ಲಿ ಎಂಡೊಟಾಕ್ಸಿನ್, ಅಂದರೆ ಎಲ್‌ಪಿಎಸ್ಸೇ ಇದೆ, ಅಥವಾ ಕೋಶಗಳಿಗೆ ಮೈಕೊಪ್ಲಾಸ್ಮಾ ಎಂಬ ಅತಿಸಣ್ಣ ಬ್ಯಾಕ್ಟೀರಿಯಾ ಅಂಟಿದೆ. ಮೈಕೊಪ್ಲಾಸ್ಮಾ ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲ, ಪಿಸಿಆರ್ ಮಾಡಿಸಿಯೇ ತಿಳಿಯಬೇಕು. ಎಲ್‌ಪಿಎಸ್ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ, ಆದ್ದರಿಂದ ದ್ರಾವಣವನ್ನು ಪ್ರತಿಸಲ ಜೋರಾಗಿ ಕುಲುಕಿ. ಮಿಲಿಲೀಟರಿಗೆ 100 ನ್ಯಾನೋಗ್ರಾಂ, 24 ಗಂಟೆ. ನೈಟ್ರೈಟ್ ಅಳೆಯುವ ಗ್ರೀಸ್ ಪರೀಕ್ಷೆಯಲ್ಲಿ ಹೋಲಿಕೆಗೆ ಇಡುವ ನೈಟ್ರೈಟ್ ಸ್ಟ್ಯಾಂಡರ್ಡ್ ಸಾಲನ್ನು ನೀರಿನಲ್ಲಲ್ಲ, ಅದೇ ಮೀಡಿಯಂನಲ್ಲಿ ಮಾಡಿ. ಕೆಂಪು ಬಣ್ಣದ ಮೀಡಿಯಂ ಅಳತೆಯನ್ನು ತಪ್ಪಿಸುತ್ತದೆ.

ಇನ್ನೊಂದು ವಿಷಯ, ಇದನ್ನು ತಿಳಿಯದೆ ಪ್ರಬಂಧ ಬರೆದವರು ಬಹಳ. ರಾ 264.7 ಕೋಶಗಳಲ್ಲಿ ಎಎಸ್‌ಸಿ ಎಂಬ ಪ್ರೋಟೀನ್ ಇಲ್ಲ. ಹಾಗಾಗಿ ಇನ್‌ಫ್ಲಮಸೋಮ್ (ಉರಿಯೂತ ಶುರುಮಾಡುವ ಪ್ರೋಟೀನುಗಳ ಕೂಟ) ಜೋಡಣೆಯಾಗಿ ಇಂಟರ್‌ಲ್ಯೂಕಿನ್-1 ಬೀಟಾ ಪಕ್ವವಾಗಿ ಹೊರಬರುವುದನ್ನು ಇವುಗಳಲ್ಲಿ ಅಧ್ಯಯನ ಮಾಡಬಾರದು. ನಿಮ್ಮ ಗಿಡಮೂಲಿಕೆಯ ಸಾರ ಅದನ್ನು ತಡೆಯಿತು ಎಂದು ಬರೆದರೆ ಆ ಫಲಿತಾಂಶಕ್ಕೆ ಬೆಲೆ ಇಲ್ಲ. ಅದಕ್ಕೆ ಮಜ್ಜೆಯಿಂದ ಬೆಳೆಸಿದ ಮ್ಯಾಕ್ರೊಫೇಜುಗಳು ಬೇಕು. ಅವನ್ನು ರ‍್ಯಾಫ್ ಮತ್ತು ಮಿಕ್ ಜೀನುಗಳನ್ನು ಹೊತ್ತ ಜೆ2 ಎಂಬ ರೆಟ್ರೋವೈರಸ್ಸಿನಿಂದ ಶಾಶ್ವತಗೊಳಿಸಿದ ಲೈನುಗಳೂ ಇವೆ. ಅಂಥ ಲೈನು ಮಾಡಲು, ಮ್ಯಾಕ್ರೊಫೇಜಿಗೆ ಬೇಕಾದ ಬೆಳವಣಿಗೆಯ ಅಂಶ ಸ್ರವಿಸುವ ಎಲ್929 ಕೋಶಗಳು ಬೆಳೆದ ಮೀಡಿಯಂನಲ್ಲಿ ಮೊದಲು ಸಾಕಿ, ವೈರಸ್ ಕೊಟ್ಟ ಮೇಲೆ ಆ ಮೀಡಿಯಂನ ಪ್ರಮಾಣವನ್ನು ವಾರಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ಒಮ್ಮೆಲೇ ನಿಲ್ಲಿಸಿದರೆ ಕಲ್ಚರ್ ಕೈತಪ್ಪಿತೆಂದೇ ಲೆಕ್ಕ.

ಪ್ರಶ್ನೆ: ದನಗಳಲ್ಲೂ ಲ್ಯುಕೇಮಿಯಾ ವೈರಸ್ ಇದೆಯಲ್ಲ. ಅದರಿಂದ ಹಸುವಿನ ಕೋಶಗಳನ್ನು ಹೀಗೆ ಬೆಳೆಸಬಹುದೇ? ಕೋಳಿಯ ಕೋಶಗಳನ್ನು? (ಪಶುವೈದ್ಯರು, ಮಂಡ್ಯ)

ಡಾಕ್ಟರೇ, ದನದ ಲ್ಯುಕೇಮಿಯಾ ವೈರಸ್ಸಿಗೆ ಅಬೆಲ್ಸನ್ನಿನಂತೆ ಎತ್ತಿಕೊಂಡ ಕ್ಯಾನ್ಸರ್ ಜೀನ್ ಇಲ್ಲ. ಅದು ಟ್ಯಾಕ್ಸ್ ಎಂಬ ತನ್ನದೇ ಪ್ರೋಟೀನಿನಿಂದ ಬಹಳ ನಿಧಾನವಾಗಿ ಕೆಲಸ ಮಾಡುತ್ತದೆ. ಸೋಂಕಿರುವ ಹಸುಗಳಲ್ಲಿ ಹೆಚ್ಚಿನವು ಕಾಯಿಲೆಯೇ ಬೀಳುವುದಿಲ್ಲ. ಹಾಗಾಗಿ ತಟ್ಟೆಯಲ್ಲಿ ಬೇಗ ಫಲ ಸಿಗದು.

ದನದ ಬಿಳಿರಕ್ತಕಣಗಳನ್ನು ಶಾಶ್ವತವಾಗಿ ಬೆಳೆಸುವ ಜೀವಿಯನ್ನು ನೀವು ಕೆಲಸದಲ್ಲಿ ದಿನವೂ ನೋಡುತ್ತೀರಿ. ಅದು ವೈರಸ್ ಅಲ್ಲ, ರಕ್ತ ಹೀರುವ ಉಣ್ಣೆಹುಳುವಿನಿಂದ ಬರುವ ಥೈಲೀರಿಯಾ ಆನ್ಯುಲೇಟಾ. ಮಿಶ್ರತಳಿ ಹಸುಗಳಲ್ಲಿ ಜ್ವರ, ಲಿಂಫ್ ಗ್ರಂಥಿ ಊತ ತರುವ ಅದೇ ಪರಾವಲಂಬಿ. ಬಿಳಿರಕ್ತಕಣದೊಳಗೆ ಸೈಜಾಂಟ್ ಹಂತದಲ್ಲಿ ಕುಳಿತು, ಕೋಶ ವಿಭಜನೆಯಾಗುವಾಗ ಅದರ ವರ್ಣತಂತುಗಳನ್ನು ಎಳೆಯುವ ತರ್ಕುವಿಗೇ ಅಂಟಿಕೊಂಡು ತಾನೂ ಎರಡಾಗಿ ಹಂಚಿಹೋಗುತ್ತದೆ. ಬುಪಾರ್ವಾಕ್ವೋನ್ ಎಂಬ ಔಷಧಿ ಕೊಟ್ಟು ಪರಾವಲಂಬಿಯನ್ನು ಕೊಂದರೆ ಕೋಶದ ಅಮರತ್ವವೂ ಹೋಗುತ್ತದೆ. ವರ್ಣತಂತುವಿನಲ್ಲಿ ಹೂತುಹೋದ ವೈರಸ್ಸನ್ನು ಹೀಗೆ ಕಿತ್ತು ಹಾಕಲಾಗದು. ಸೋಂಕಿತ ಕೋಶಗಳನ್ನು ತಟ್ಟೆಯಲ್ಲಿ ದೀರ್ಘಕಾಲ ಪ್ಯಾಸೇಜ್ ಮಾಡಿದಾಗ ಪರಾವಲಂಬಿ ದುರ್ಬಲವಾಗುತ್ತದೆ. ನಮ್ಮಲ್ಲಿ ಬಳಸುವ ಥೈಲೀರಿಯಾ ಲಸಿಕೆ ಅಂಥ ಜೀವಂತ ಕೋಶಗಳದ್ದೇ. ಅದನ್ನು ದ್ರವ ಸಾರಜನಕದಲ್ಲೇ ಸಾಗಿಸಬೇಕೆನ್ನುವುದು ಅದಕ್ಕಾಗಿ. ಮಾಮೂಲಿ ಐಸ್ ಪೆಟ್ಟಿಗೆಯಲ್ಲಿ ತಂದರೆ ಕೋಶಗಳು ಸತ್ತು ಲಸಿಕೆ ಕೆಲಸ ಮಾಡುವುದಿಲ್ಲ.

ಕೋಳಿಯ ಬಗ್ಗೆಯೂ ಕೇಳಿದ್ದೀರಿ. ಪಕ್ಷಿಯ ಲ್ಯುಕೋಸಿಸ್ ವೈರಸ್ ಮಿಕ್ ಜೀನಿನ ಪಕ್ಕ ಸೇರಿಕೊಂಡು ಹುಟ್ಟಿದ ಡಿಟಿ40 ಬಿ ಕೋಶಗಳು ಇಂದಿಗೂ ಬಳಕೆಯಲ್ಲಿವೆ. ಜೀನ್ ಬದಲಿಸುವವರಿಗೆ ಅವು ಬಹಳ ಪ್ರಿಯ, ಏಕೆಂದರೆ ಹೊರಗಿನ ಡಿಎನ್‌ಎಯನ್ನು ಸರಿಯಾದ ಜಾಗಕ್ಕೇ ಸೇರಿಸಿಕೊಳ್ಳುವ ಗುಣ ಅವುಗಳಿಗೆ ಹೆಚ್ಚು. ಕೋಳಿಯ ಮೈ ಬಿಸಿಯಂತೆ 39.5 ಡಿಗ್ರಿಯಲ್ಲಿ, ಮೀಡಿಯಂಗೆ ಶೇ. 1 ಕೋಳಿ ಸೀರಮ್ ಸೇರಿಸಿ ಬೆಳೆಸಬೇಕು.

ಪ್ರಶ್ನೆ: ಈ ಕೋಶಗಳ ಜೊತೆ ದಿನವೂ ಕೆಲಸ ಮಾಡುತ್ತೇನೆ. ನನಗೆ ಕ್ಯಾನ್ಸರ್ ಬರುವ ಭಯ ಇದೆಯೇ? (ಪ್ರಯೋಗಾಲಯ ಸಹಾಯಕಿ, ಬೆಂಗಳೂರು)

ಇಕೋಟ್ರೋಪಿಕ್ ಬಗೆಯ ವೈರಸ್ ಇಲಿಜಾತಿಯ ಕೋಶಗಳ ಮೇಲಿರುವ ಗ್ರಾಹಕವನ್ನು ಮಾತ್ರ ಹಿಡಿಯುತ್ತದೆ, ಮನುಷ್ಯನ ಕೋಶಕ್ಕೆ ಹೊಗುವುದಿಲ್ಲ. ಆದರೂ ಎಬಿಎಲ್ ಕ್ಯಾನ್ಸರ್ ಜೀನ್ ಆದ್ದರಿಂದ ಹುಡ್, ಗ್ಲೌಸ್, ಸೂಜಿಯ ಎಚ್ಚರ ಬಿಡಬೇಡಿ. ದ್ರವವನ್ನು ಬ್ಲೀಚಿನಲ್ಲಿ ನೆನೆಸಿ ಚೆಲ್ಲಿ. ಅದೇ ಜೀನಿಗೆ ಮನುಷ್ಯನ ಕೋಶ ಹೊಗಬಲ್ಲ ಹೊದಿಕೆ, ಅಂದರೆ ಆಂಫೋಟ್ರೋಪಿಕ್ ಅಥವಾ ವಿಎಸ್‌ವಿ-ಜಿ, ಹಾಕುವ ಯೋಚನೆ ನಿಮ್ಮ ಲ್ಯಾಬಿನಲ್ಲಿದ್ದರೆ ಲೆಕ್ಕವೇ ಬೇರೆ. ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ ಒಪ್ಪುವವರೆಗೆ ಆ ಟ್ಯೂಬನ್ನು ಮುಟ್ಟಬೇಡಿ, ಬೇಡ ಎನ್ನುವ ಹಕ್ಕು ನಿಮಗಿದೆ.

ರಾ 264.7 ಕೋಶಗಳು ತಾವಾಗಿಯೇ ಇಲಿಯ ಲ್ಯುಕೇಮಿಯಾ ವೈರಸ್ಸನ್ನು ಹೊರಬಿಡುತ್ತವೆ. ಅವನ್ನು ಬೇರೆ ಇಲಿಕೋಶಗಳ ಜೊತೆ ಒಂದೇ ಹುಡ್‌ನಲ್ಲಿ, ಒಂದೇ ಮೀಡಿಯಂ ಬಾಟಲಿಯಿಂದ ನಡೆಸಬೇಡಿ. 2009ರಲ್ಲಿ ಆಯಾಸದ ಕಾಯಿಲೆಗೆ ಕಾರಣವೆಂದು ಸುದ್ದಿಯಾದ ಎಕ್ಸ್‌ಎಂಆರ್‌ವಿ ವೈರಸ್ ಕೊನೆಗೆ ಪ್ರಯೋಗಾಲಯದ ಕಲಬೆರಕೆ ಎಂದು ಸಾಬೀತಾಗಿ, 2011ರಲ್ಲಿ ಆ ವರದಿಯನ್ನೇ ಹಿಂತೆಗೆದುಕೊಂಡರು. ಮನುಷ್ಯನ ಗಡ್ಡೆಯನ್ನು ಇಲಿಗಳಲ್ಲಿ ಬೆಳೆಸುವಾಗ ಇಲಿಯ ಎರಡು ವೈರಸ್ ತುಂಡುಗಳು ಕೂಡಿ ಹುಟ್ಟಿದ್ದು ಅದು.

ಪ್ರಶ್ನೆ: ಲೈನು ಫ್ರೀಜ್ ಮಾಡಿದರೆ ಕರಗಿಸಿದಾಗ ಅರ್ಧವೂ ಬದುಕುವುದಿಲ್ಲ. (ಧಾರವಾಡ)

ತುಂಬಿ ಹಳದಿಯಾದ ಫ್ಲಾಸ್ಕಿನಿಂದ ಫ್ರೀಜ್ ಮಾಡುತ್ತಿರಬೇಕು. ಹಿಂದಿನ ದಿನ ಸ್ಪ್ಲಿಟ್ ಮಾಡಿ, ಜೋರಾಗಿ ಬೆಳೆಯುತ್ತಿರುವಾಗ ತೆಗೆಯಿರಿ. ವಯಲಿಗೆ ಐವತ್ತು ಲಕ್ಷ ಕೋಶ, ಶೇ. 90 ಸೀರಮ್, ಶೇ. 10 ಡಿಎಂಎಸ್‌ಓ (ಹೆಪ್ಪುಗಟ್ಟುವಾಗ ಕೋಶವನ್ನು ಕಾಯುವ ದ್ರವ). ನಿಮಿಷಕ್ಕೆ ಒಂದು ಡಿಗ್ರಿಯಂತೆ ತಣಿಯುವ ಡಬ್ಬಿಯಲ್ಲಿ ಮೈನಸ್ 80ಕ್ಕೆ, ಮರುದಿನ ದ್ರವ ಸಾರಜನಕಕ್ಕೆ. ಕರಗಿಸುವಾಗ 37 ಡಿಗ್ರಿ ನೀರಿನಲ್ಲಿ ಬೇಗ ಕರಗಿಸಿ, ಹತ್ತು ಮಿಲಿಲೀಟರ್ ಮೀಡಿಯಂ ಅನ್ನು ಮೊದಲು ಹನಿಹನಿಯಾಗಿ ಸೇರಿಸಿ, ಆಮೇಲೆ ಸೆಂಟ್ರಿಫ್ಯೂಜ್ ಮಾಡಿ ಡಿಎಂಎಸ್‌ಓ ತೆಗೆಯಿರಿ. ಮೊದಲ ಎರಡು ದಿನ ದೊಡ್ಡ ಫ್ಲಾಸ್ಕ್ ಬೇಡ, 6 ಬಾವಿ ತಟ್ಟೆಯ ಒಂದೇ ಬಾವಿಯಲ್ಲಿ ಒತ್ತೊತ್ತಾಗಿಡಿ. ಇಷ್ಟಾದರೂ ಏಳದಿದ್ದರೆ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ರಾ 264.7ರಂಥ ಪ್ರಚಲಿತ ಲೈನುಗಳನ್ನು ಹೊಸದಾಗಿ ತರಿಸಿಕೊಳ್ಳಬಹುದು. ನೀವೇ ಮಾಡಿದ ಲೈನಾದರೆ ಬೇರೆ ಕಡೆ ಸಿಗದು, ಹತ್ತು ವಯಲನ್ನು ಎರಡು ಬೇರೆ ಟ್ಯಾಂಕುಗಳಲ್ಲಿ ಹಂಚಿಡಿ.